ಆಕಾರ ಬೇರೆ, ಘನರೂಪ ಬೇರೆ

ಮಕ್ಕಳ ಚಿತ್ರಕಲಾ ಸ್ಪರ್ಧೆ ಎಂದರೆ ನಮ್ಮ ಕುಟುಂಬಗಳಲ್ಲಿ ಒಂದು ಸಣ್ಣ ಹಬ್ಬವೇ ಸರಿ. ವಾರವಿಡೀ ಊಟದ ಮೇಜಿನ ಮೇಲೆ ತಾಲೀಮು, ರಜೆಯ ದಿನ ಬೆಳಿಗ್ಗೆ ಬಣ್ಣದ ಪೆಟ್ಟಿಗೆ ಹಿಡಿದು ಮೆರವಣಿಗೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ತೀರ್ಪುಗಾರರ ಬಾಯಲ್ಲಿ ಪ್ರತಿ ಸಲವೂ ಕೇಳಿಬರುವ ಒಂದು ಮಾತು ನಮಗೆ ಒಪ್ಪಿಗೆಯಾಗುವುದಿಲ್ಲ: "ಚಿತ್ರ ಚೆನ್ನಾಗಿದೆ, ಆದರೆ ಶೇಡಿಂಗ್ ಇಲ್ಲ, ಫ್ಲ್ಯಾಟ್ ಆಗಿದೆ." ಹವಲ್ಲಿಯ ಫ್ಲ್ಯಾಟಿನಲ್ಲಿ ಬೆಳೆಯುವ ಮಕ್ಕಳ ಚಿತ್ರ ಫ್ಲ್ಯಾಟ್ ಆಗದೆ ಇನ್ನೇನಾದೀತು ಎಂದು ನಕ್ಕು ಸುಮ್ಮನಾಗಬಹುದು. ಆದರೆ ಆ ಮಾತನ್ನು ಕೇಳಿಸಿಕೊಂಡ ಮಗು ತನ್ನ ಅಜ್ಜಿ ಹಾಕುವ ರಂಗೋಲಿಯೂ ಒಂದು ದರ್ಜೆ ಕೆಳಗಿನದು ಎಂದು ತಿಳಿದುಕೊಂಡರೆ ಅದು ನಗುವ ವಿಷಯವಲ್ಲ. ಆದ್ದರಿಂದ ಈ ಚಪ್ಪಟೆ ಮತ್ತು ಉಬ್ಬಿನ ವ್ಯವಹಾರವನ್ನು ಸ್ವಲ್ಪ ಬಿಡಿಸಿ ನೋಡೋಣ.

ಗೆರೆಯೊಂದು ಹೊರಟು, ಸುತ್ತಿ ಬಂದು ತನ್ನ ಬಾಲವನ್ನೇ ಹಿಡಿದರೆ ನಡುವೆ ಸಿಕ್ಕಿಕೊಳ್ಳುವ ಜಾಗವೇ ಆಕಾರ. ಅದಕ್ಕೆ ಉದ್ದ ಅಗಲ ಉಂಟು, ದಪ್ಪ ಇಲ್ಲ. ದಪ್ಪವೂ ಸೇರಿ, ಸುತ್ತ ನಡೆದು ನೋಡಬಹುದಾದದ್ದು ಘನರೂಪ. ಬರೇ 'ರೂಪ' ಎಂದರೆ ಸಾಲದೇ ಎಂದು ಕೆಲವರು ಕೇಳಿಯಾರು. ನಮ್ಮ ಭಾಷೆಯಲ್ಲಿ ರೂಪವಂತೆ ಎಂದರೆ ಚೆಲುವೆ; ಆ ಗೊಂದಲ ಬೇಡವೆಂದು 'ಘನ' ಸೇರಿಸಿಕೊಂಡಿದ್ದೇವೆ. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ದೋಸೆ ಆಕಾರ, ಇಡ್ಲಿ ಘನರೂಪ. ಇಲ್ಲಿನ ಬೇಕರಿಯ ಖುಬ್ಬೂಸ್ ಮಾತ್ರ ಎರಡಕ್ಕೂ ಸೇರಿದ್ದು: ಒಲೆಯಿಂದ ಹೊರಬಂದಾಗ ಉಬ್ಬಿದ ಘನರೂಪ, ಮನೆ ಮುಟ್ಟುವಷ್ಟರಲ್ಲಿ ಆಕಾರ!

ಈಗ ಗೊಂಬೆಯಾಟಕ್ಕೆ ಬರೋಣ. ಕರ್ನಾಟಕದಲ್ಲಿ ಎರಡು ಬಗೆಯ ಗೊಂಬೆಗಳಿವೆ. ನಮ್ಮ ಚರ್ಚೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಕುಂದಾಪುರದ ಹತ್ತಿರದ ಉಪ್ಪಿನಕುದ್ರಿನಲ್ಲಿ ಕಾಮತ್ ಮನೆತನದವರು ಉಳಿಸಿಕೊಂಡು ಬಂದಿರುವ ಯಕ್ಷಗಾನ ಗೊಂಬೆ ಮರದ್ದು. ಸೂತ್ರ ಎಳೆದರೆ ಸುತ್ತು ಹೊಡೆಯುತ್ತದೆ, ಬೆನ್ನು ತೋರಿಸುತ್ತದೆ, ಅದರ ಸೀರೆ ಕಚ್ಚೆಗಳೂ ಜೊತೆಗೆ ಸುತ್ತುತ್ತವೆ. ಅದು ಘನರೂಪ. ಬಳ್ಳಾರಿ, ಕೊಪ್ಪಳಗಳ ಕಡೆಯ ತೊಗಲು ಗೊಂಬೆಯಾದರೋ ಹದ ಮಾಡಿದ ಚರ್ಮದ ಒಂದು ಹಾಳೆ. ಅದು ತಿರುಗಲಾರದು, ತಿರುಗಿಸಹೊರಟರೆ ಒಂದು ಗೆರೆಯಷ್ಟಾಗಿ ಪರದೆಯ ಮೇಲಿನಿಂದ ಮಾಯವಾಗುತ್ತದೆ. ಹಾಗಾದರೆ ಅದು ಕಡಿಮೆಯೇ? ಖಂಡಿತ ಅಲ್ಲ. ಹಿಂದಿನಿಂದ ದೀಪ ಬಿದ್ದಾಗ ಬಣ್ಣವೇ ಬೆಳಕಾಗುತ್ತದೆ. ಒಡವೆಗಳನ್ನು ಬಣ್ಣದಿಂದ ಬರೆಯುವ ಬದಲು ತೂತು ಕೊರೆದು ತೋರಿಸುತ್ತಾರೆ; ಹಾರದ ಮಣಿ ಎಂದರೆ ಒಂದೊಂದು ಬೆಳಕಿನ ಚುಕ್ಕೆ. ರಾಜನ, ದೇವರ ಗೊಂಬೆ ದೊಡ್ಡದು, ಸೇವಕರದು ಚಿಕ್ಕದು. ಹತ್ತಿರದವರು ದೊಡ್ಡವರಾಗಿ, ದೂರದವರು ಚಿಕ್ಕವರಾಗಿ ಕಾಣುವ ಕಣ್ಣಿನ ನಿಯಮಕ್ಕೆ ಅಲ್ಲಿ ಬೆಲೆಯಿಲ್ಲ. ಯಾರು ಮುಖ್ಯ ಎಂಬ ಕಥೆಯ ನಿಯಮ ನಡೆಯುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಬಂದದ್ದು ಈ ಚಪ್ಪಟೆ ಗೊಂಬೆಗಳಿಗಾಗಿಯೇ. ಶೇಡಿಂಗ್ ಇಲ್ಲವೆಂದು ಯಾರೂ ಅಂಕ ಕಳೆಯಲಿಲ್ಲ.

ಮಗುವಿನ ಕೈಯಲ್ಲಿ ಆನೆಗಿಂತ ಅಮ್ಮ ದೊಡ್ಡವಳಾದರೆ ಅದು ಇದೇ ಲೆಕ್ಕ. ಅದನ್ನು ತಿದ್ದುವ ಮೊದಲು ತೀರ್ಪುಗಾರರು ಎರಡು ನಿಮಿಷ ನೋಡಬೇಕೆಂಬುದು ನಮ್ಮ ವಾದ. ಚಪ್ಪಟೆ ಚಿತ್ರದಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ: ಅಂಚು ಸ್ಪಷ್ಟವಾಗಿದೆಯೇ? ಆಕಾರಗಳ ನಡುವೆ ಉಳಿದ ಖಾಲಿ ಜಾಗಕ್ಕೂ ಒಂದು ಚಂದವಿದೆಯೇ? ಚುಕ್ಕಿ ರಂಗೋಲಿ ಹಾಕುವ ಯಾರನ್ನು ಕೇಳಿದರೂ ಈ ಖಾಲಿ ಜಾಗದ ಮರ್ಮ ಹೇಳಿಯಾರು.

ಇದರ ವಿರುದ್ಧದ ಪ್ರಮಾದವೂ ನಮ್ಮಲ್ಲೇ ನಡೆಯುತ್ತದೆ. ರಾಜ್ಯೋತ್ಸವದ ವೇದಿಕೆಗಳ ಹಿಂದೆ ಥರ್ಮಾಕೋಲಿನ ಗೊಮ್ಮಟ ನಿಲ್ಲುವುದನ್ನು ಎಲ್ಲರೂ ಕಂಡಿದ್ದೇವೆ. ರಾತ್ರಿ ನಿದ್ದೆಗೆಟ್ಟು ಕತ್ತರಿಸಿದ ಸ್ವಯಂಸೇವಕರ ಶ್ರಮಕ್ಕೆ ನಮಸ್ಕಾರ. ಆದರೆ ಇಲ್ಲಿ ಹುಟ್ಟಿದ ಮಗುವಿಗೆ ಗೊಮ್ಮಟ ಎಂದರೆ ಅದೇ ಹಲಗೆ, ಅಥವಾ ಕ್ಯಾಲೆಂಡರಿನ ಚಿತ್ರ: ಗುಂಗುರು ಕೂದಲು, ಇಳಿಬಿಟ್ಟ ಎರಡು ಕೈ, ಒಂದು ಬಳ್ಳಿ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಗಂಗರ ಮಂತ್ರಿ ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯಲ್ಲಿ ಮಾಡಿಸಿದ್ದು ಚಿತ್ರವಲ್ಲ. ಸುಮಾರು ೫೭ ಅಡಿ ಎತ್ತರದ ಒಂದೇ ಕಲ್ಲು. ತೊಡೆಯವರೆಗೆ ಮಾತ್ರ ಹುತ್ತದ ಆಸರೆ. ಅಲ್ಲಿಂದ ಮೇಲೆ ಬೆನ್ನಿಗೆ ಗೋಡೆಯಿಲ್ಲ, ಬಂಡೆಯಿಲ್ಲ, ಆಕಾಶ ಮಾತ್ರ. ಮೊಣಕಾಲಿನ ಕೆಳಗೆ ಸ್ವಲ್ಪ ಗಿಡ್ಡವಾಯಿತು ಎಂದು ಬಲ್ಲವರು ಆಕ್ಷೇಪಿಸಿದ್ದುಂಟು. ಆದರೆ ಪಾದದ ಬಳಿ ನಿಂತು ಕತ್ತೆತ್ತಿ ನೋಡುವವನಿಗೆ ಕಾಣುವುದು ಆ ಅಗಲವಾದ ಹೆಗಲು, ಅದರಾಚೆಗೆ ಮುಖ. ಅಳತೆಯ ಪಟ್ಟಿ ಅಲ್ಲಿ ನೆನಪಿಗೆ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಮೈಯ ಮೇಲೆ ಆಭರಣವಿಲ್ಲ, ಬಟ್ಟೆಯಿಲ್ಲ. ತೊಡೆ ತೋಳುಗಳಿಗೆ ಹಬ್ಬಿದ ಮಾಧವೀ ಲತೆ ಒಂದೇ. ಬಳ್ಳಿ ತೆಳ್ಳಗೆ, ಬಹುಮಟ್ಟಿಗೆ ಆಕಾರವಾಗಿಯೇ ಉಳಿದು, ಅದರಡಿಯ ಮೈ ಎಷ್ಟು ದುಂಡಗಿದೆ ಎಂಬುದನ್ನು ಅಳೆದು ತೋರಿಸುತ್ತದೆ. ಬಳ್ಳಿ ತೋಳನ್ನು ಬಳಸಿ ಹಿಂದಕ್ಕೆ ಹೋದಾಗಲೇ ನಮಗೆ ತೋಳಿಗೆ ಹಿಂಬದಿ ಇದೆ ಎಂದು ಅರಿವಾಗುವುದು. ಥರ್ಮಾಕೋಲಿನ ಮೇಲೆ ಕಪ್ಪು ಬಣ್ಣದಲ್ಲಿ ಬಳ್ಳಿ ಬರೆದರೆ ಈ ಕೆಲಸ ಆಗುವುದಿಲ್ಲ; ಅದು ಸುಮ್ಮನೆ ಸುತ್ತಿದ ಹಗ್ಗದಂತೆ ಕಾಣುತ್ತದೆ. ಹಲಗೆಯಲ್ಲೇ ಮಾಡಬೇಕೆಂದಿದ್ದರೆ ಘನರೂಪದ ಸೋಗು ಹಾಕಿಸದೆ, ಅಂಚನ್ನು ಮಾತ್ರ ಕತ್ತರಿಸಿ ಹಿಂದಿನಿಂದ ದೀಪ ಹಾಕಬಾರದೇಕೆ? ತೊಗಲು ಗೊಂಬೆಯವರ ಜಾಣ್ಮೆ ನಮ್ಮದೇ ತಾನೆ. ಖರ್ಚೂ ಕಡಿಮೆ.

ಗೆರೆಯೊಂದರಿಂದಲೇ ಘನರೂಪ ತೋರಿಸಿದವರೂ ಇದ್ದಾರೆ ಎಂಬುದನ್ನು ಮರೆಯಬಾರದು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ನೆಲೆಸಿ, ೧೯೯೬ರಲ್ಲಿ ತೀರಿಕೊಂಡ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ನೃತ್ಯ ಮಾಡುವವಳ ಸೊಂಟದ ಬಳಿ ಗೆರೆ ತುಂಡಾಗಿ, ಮತ್ತೆಲ್ಲೋ ಶುರುವಾಗುತ್ತದೆ. ಆ ಬಿಟ್ಟ ಜಾಗವನ್ನು ನಮ್ಮ ಕಣ್ಣೇ ತುಂಬಿಕೊಂಡು ಮೈಯ ತಿರುವನ್ನು ಕಾಣುತ್ತದೆ. ಶೇಡಿಂಗಿನ ಪೆನ್ಸಿಲ್ ಅಲ್ಲಿ ಬೇಕಾಗಲೇ ಇಲ್ಲ. ಲಯ ತಿಳಿಯಬೇಕೆಂದು ಕಥಕ್ ಕಲಿತ ಚಿತ್ರಕಾರರು ಅವರು.

ಹೊಯ್ಸಳರ ವಿಷಯ ಎತ್ತಿದರೆ ಈ ಪುಟ ಸಾಲದು, ಒಂದೇ ಮಾತು. ಒಂದು ಚೌಕವನ್ನು ರಟ್ಟಿನಲ್ಲಿ ಕತ್ತರಿಸಿ, ನಡುವೆ ಗುಂಡುಸೂಜಿ ಚುಚ್ಚಿ, ಸಮನಾಗಿ ತಿರುಗಿಸುತ್ತಾ ನಾಲ್ಕು ಸಲ ಅಂಚು ಬರೆದರೆ ಹದಿನಾರು ಮೂಲೆಯ ನಕ್ಷತ್ರ ಸಿಗುತ್ತದೆ. ಹದಿಮೂರನೆಯ ಶತಮಾನದ ಸೋಮನಾಥಪುರದ ಗರ್ಭಗುಡಿಗಳ ತಳವಿನ್ಯಾಸ ಇದೇ. ನೆಲದ ಮೇಲೆ ಅದು ರಂಗೋಲಿ. ಅದನ್ನೇ ಕಲ್ಲಿನಲ್ಲಿ ಮೇಲಕ್ಕೆ ಎತ್ತಿದಾಗ ಗೋಡೆ ಮಡಿಕೆ ಮಡಿಕೆಯಾಗಿ, ಬಿಸಿಲು ಸರಿದಂತೆ ಒಂದು ಮುಖ ಬೆಳಗಿ ಪಕ್ಕದ್ದು ನೆರಳಾಗುತ್ತದೆ. ೨೦೨೩ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಈ ದೇವಾಲಯವೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ರಜೆಗೆ ಊರಿಗೆ ಹೋದವರು ಮೈಸೂರಿನಿಂದ ಅರ್ಧ ದಿನದಲ್ಲಿ ನೋಡಿ ಬರಬಹುದು. ಫೋಟೋ ತೆಗೆಯುವ ಮುಂಚೆ ಜಗತಿಯ ಮೇಲೆ ಒಂದು ಸುತ್ತು ಬನ್ನಿ.

ಊರಿಗೆ ಹೋಗುವವರೆಗೂ ಕಾಯಬೇಕಾಗಿಲ್ಲ. ಗಲ್ಫ್ ರಸ್ತೆಯ ಕುವೈತ್ ಟವರ್ಸ್ ಇದೆಯಲ್ಲ! ಡೆನ್ಮಾರ್ಕ್ ಮೂಲದ ಮಾಲೆನ್ ಬ್ಯೋರ್ನ್ ವಿನ್ಯಾಸಗೊಳಿಸಿದ ಈ ಗೋಪುರಗಳು ೧೯೭೯ರಲ್ಲಿ ಜನರಿಗೆ ತೆರೆದವು. ನಮ್ಮ ಮಕ್ಕಳೆಲ್ಲ ಇದನ್ನು ಬರೆದೇ ಬರೆಯುತ್ತಾರೆ: ಕಡ್ಡಿ, ಕಡ್ಡಿಗೆ ಚುಚ್ಚಿದ ವೃತ್ತ. ಆದರೆ ಅಲ್ಲಿರುವುದು ವೃತ್ತವಲ್ಲ, ಗೋಳ, ಅದರೊಳಗೆ ನೀರಿದೆ. ೧೮೭ ಮೀಟರ್ ಎತ್ತರದ ದೊಡ್ಡ ಗೋಪುರದ ಕೆಳಗಿನ ಗೋಳದ ಅರ್ಧ ಭಾಗ ನೀರಿನ ತೊಟ್ಟಿ. ಎರಡನೆಯ ಗೋಪುರದ ಗೋಳವೂ ನೀರಿಗಾಗಿಯೇ. ಅತಿ ಕಡಿಮೆ ಹೊರಮೈಯಲ್ಲಿ ಅತಿ ಹೆಚ್ಚು ನೀರು ಹಿಡಿಸುವ ರೂಪ ಗೋಳವೇ ಆದ್ದರಿಂದ ಈ ಚೆಲುವಿಗೆ ಲೆಕ್ಕಾಚಾರದ ಬೆಂಬಲವೂ ಉಂಟು. ಇನ್ನು ಹೊರಮೈ: ಸುಮಾರು ೪೧,೦೦೦ ಉಕ್ಕಿನ ಬಿಲ್ಲೆಗಳು, ನೀಲಿ, ಹಸಿರು, ಬೂದು ಬಣ್ಣಗಳ ಎಂಟು ಛಾಯೆಗಳಲ್ಲಿ. ಒಂದೊಂದು ಬಿಲ್ಲೆಯೂ ಒಂದು ಆಕಾರ. ಎಲ್ಲ ಕೂಡಿ ಘನರೂಪ. ಶೇಡಿಂಗ್ ಮಾಡುವ ಕೆಲಸ ಸೂರ್ಯನದು.

ಒಂದು ಸಂಜೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಮೊದಲ ಸಲ ಕಾಗದ ಪೆನ್ಸಿಲ್ ಬೇಡ. ನಡೆಯುತ್ತಾ ಹೋದಂತೆ ಒಂದು ಗೋಪುರ ಇನ್ನೊಂದರ ಹಿಂದೆ ಸರಿಯುವುದನ್ನು, ಮತ್ತೆ ಹೊರಬರುವುದನ್ನು ನೋಡಲಿ. ಮನೆಗೆ ಬಂದ ಮೇಲೆ ಮೊದಲು ಚಪಾತಿ ಹಿಟ್ಟಿನಲ್ಲಿ ಮಾಡಲಿ, ಆಮೇಲೆ ಬರೆಯಲಿ. ಗೋಳವಿಲ್ಲದ ಆ ಮೂರನೆಯ ಸಣಕಲು ಗೋಪುರವನ್ನು ಹೆಚ್ಚಿನ ಮಕ್ಕಳು ಬಿಟ್ಟೇಬಿಡುತ್ತಾರೆ. ನೀರನ್ನೂ ಹೊರದೆ, ಜನರನ್ನೂ ಹತ್ತಿಸಿಕೊಳ್ಳದೆ, ಉಳಿದೆರಡರ ಮೇಲೆ ದೀಪ ಬೀರಲೆಂದು ನಿಂತಿರುವ ಗೋಪುರ ಅದು. ಈ ಸಲ ಯಾರು ಅದನ್ನೂ ಸೇರಿಸುತ್ತಾರೋ ನೋಡೋಣ.