ಸಂತೈಸುವ ಮಾತು

ಕನ್ನಡದಲ್ಲಿ ಕ್ರೈಸ್ತ ಸಾಹಿತ್ಯವೆಂದೊಡನೆ ನಮ್ಮ ವಿಮರ್ಶಕರು ಕಿಟೆಲ್ಲರ ನಿಘಂಟನ್ನೂ ಮೋಗ್ಲಿಂಗರು 1843ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ವನ್ನೂ ನೆನೆದು ಕೈಮುಗಿಯುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕನ್ನಡ ಬೈಬಲನ್ನು ಸಾಹಿತ್ಯವೆಂದು ಓದುವವರು ವಿರಳ. ಕಷ್ಟಕಾಲದಲ್ಲಿ ಮಾತು ಮನುಷ್ಯನಿಗೆ ಏನು ಮಾಡಬಲ್ಲದು? ಈ ಪ್ರಶ್ನೆಗೆ ಅಲ್ಲಿ ದೊರೆಯುವ ಉತ್ತರ ಕ್ರೈಸ್ತರಿಗೆ ಮಾತ್ರ ಸಲ್ಲುವಂಥದಲ್ಲ.

ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಮೊದಲ ಅಧ್ಯಾಯವನ್ನು ನೋಡಬಹುದು. ಮೂರರಿಂದ ಏಳರವರೆಗಿನ ಐದು ವಾಕ್ಯಗಳಲ್ಲಿ ‘ಪರಾಕ್ಲೇಸಿಸ್’ ಎಂಬ ಗ್ರೀಕ್ ಪದವೂ ಅದರ ಕ್ರಿಯಾರೂಪವೂ ಕೂಡಿ ಹತ್ತು ಸಲ ಬರುತ್ತವೆ. ಪಕ್ಕಕ್ಕೆ ಕರೆಯುವುದು ಎಂಬುದು ಅದರ ಮೂಲಾರ್ಥ. ಕನ್ನಡದ ಅನುವಾದಕರು ಅದಕ್ಕೆ ‘ಸಂತೈಸು’ ಎಂದರು. ಕುಮಾರವ್ಯಾಸನ ಕಾವ್ಯದಲ್ಲಿ ಪಳಗಿದ, ಮನೆಯ ಹಿರಿಯರ ಬಾಯಲ್ಲಿ ಬೆಳೆದ ಪದವಿದು. ಅಳುವ ಮಗುವಿಗೂ ಸಲ್ಲುತ್ತದೆ, ಸೋತ ಸೈನ್ಯಕ್ಕೂ ಸಲ್ಲುತ್ತದೆ.

ಪೌಲನ ವಾದದ ಕ್ರಮ ಗಮನಾರ್ಹವಾದುದು. ದೇವರು ನಮ್ಮನ್ನು ಸಂತೈಸುವುದು ನಾವು ಇನ್ನೊಬ್ಬರನ್ನು ಸಂತೈಸಲೆಂದು, ಪಡೆದುದನ್ನಷ್ಟೇ ಕೊಡಬಲ್ಲೆವು. ಇದನ್ನು ಹೇಳುವವನು ಆಸ್ಯ ಸೀಮೆಯಲ್ಲಿ ಬದುಕಿನ ಆಸೆಯನ್ನೇ ತೊರೆದಿದ್ದವನು. ಮುಂದೆ ಏಳನೆಯ ಅಧ್ಯಾಯದಲ್ಲಿ, ದೇವರು ತನ್ನನ್ನು ಸಂತೈಸಿದ ಬಗೆಯನ್ನು ಅವನೇ ತಿಳಿಸುತ್ತಾನೆ. ಅಶರೀರವಾಣಿಯೇನೂ ಕೇಳಿಸಲಿಲ್ಲ, ತೀತನೆಂಬ ಗೆಳೆಯ ಬಂದ, ಅಷ್ಟೆ.

ನಮ್ಮ ಬೀದರ ಜಿಲ್ಲೆಯ ಓದುಗನಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಇದೇ ‘ಸಂತೈಸು’ ಪದವನ್ನು ಕಲ್ಯಾಣದ ಬಸವಣ್ಣನೂ ಬಳಸಿದ್ದಾನೆ. ಲೋಕದ ಡೊಂಕನ್ನು ತಿದ್ದಹೊರಟವರಿಗೆ ಮೊದಲು ತಮ್ಮ ತನುಮನಗಳನ್ನು ಸಂತೈಸಿಕೊಳ್ಳಲು ಹೇಳುವ ಆ ವಚನ, ನೆರೆಮನೆಯ ದುಃಖಕ್ಕೆ ಅಳುವವರನ್ನು ಮೆಚ್ಚುವುದಿಲ್ಲ. ಮೇಲ್ನೋಟಕ್ಕೆ ಇದು ಪೌಲನಿಗೆ ನೇರ ವಿರೋಧ. ಆದರೆ ದಯೆಯೇ ಧರ್ಮದ ಮೂಲವೆಂದವನು ಕನಿಕರವನ್ನು ಹಳಿದಾನೆಯೆ? ಅವನು ಹಳಿದುದು ತನ್ನೊಳಗೆ ಶಾಂತಿಯಿಲ್ಲದವನ ಕಣ್ಣೀರನ್ನು. ತಾನು ಸಂತೈಸಿಕೊಳ್ಳದವನು ಪರರನ್ನು ಸಂತೈಸಲಾರನೆಂಬಲ್ಲಿ ಇಬ್ಬರೂ ಒಂದೇ. ಬೇರೆಯಾಗುವುದು ಮೂಲದಲ್ಲಿ: ಆ ವಚನದಲ್ಲಿ ಅದು ಸಾಧಿಸಬೇಕಾದ ಹದ, ಪೌಲನಲ್ಲಿ ಬೇಡದೆ ಬಂದ ಕೃಪೆ. ಈ ಭೇದವನ್ನು ಸೌಜನ್ಯಕ್ಕಾಗಿ ಅಳಿಸಬೇಕಾಗಿಲ್ಲ.

ಸಭೆಗಳಲ್ಲಿ ಹಂಚುವ ಕಿರುಹೊತ್ತಗೆಗಳನ್ನೂ ಉಪದೇಶಗಳನ್ನೂ ಈ ಒರೆಗಲ್ಲಿಗೆ ಹಚ್ಚಿದರೆ ಹಲವು ಸೋಲುತ್ತವೆ. ಕಣ್ಣೀರು ಆರುವ ಮುನ್ನವೇ ಅವು ‘ದೈವಚಿತ್ತ’ವೆಂದು ಉತ್ತರ ಹೇಳಿಬಿಡುತ್ತವೆ. ಯೋಬನ ಗೆಳೆಯರ ತಪ್ಪೂ ಇದೇ. ಏಳು ಹಗಲು ಏಳು ಇರುಳು ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಷ್ಟು ಕಾಲ ಅವರು ಗೆಳೆಯರಾಗಿದ್ದರು. ಬಾಯಿ ತೆರೆದೊಡನೆ ನ್ಯಾಯಾಧೀಶರಾದರು. ಕೀರ್ತನೆಗಳನ್ನು ರಚಿಸಿದವರಿಗೆ ಈ ಆತುರವಿರಲಿಲ್ಲ. ದೇವರನ್ನೇ ‘ಎಲ್ಲಿಯವರೆಗೆ?’ ಎಂದು ಕೇಳುವ ಎದೆಗಾರಿಕೆ ಅವರದು. ಆ ದೂರನ್ನು ಬಿಟ್ಟು ಸಮಾಧಾನವನ್ನಷ್ಟೇ ಆಯ್ದುಕೊಂಡ ಬರಹ ಜೊಳ್ಳಾಗುತ್ತದೆ.

ಬೀದರ, ಭಾಲ್ಕಿ, ಔರಾದಗಳು ಕನ್ನಡ, ಮರಾಠಿ, ತೆಲುಗು, ಉರ್ದು ಕಲೆತ ನೆಲ. ಮೆಥೋಡಿಸ್ಟ್ ಸಭೆ ಇಲ್ಲಿ ಬೇರೂರಿದೆ. ಮಳೆ ತಪ್ಪಿದರೆ ಬಡವರು ಗುಳೆ ಹೋಗುವ ಸೀಮೆಯಿದು. ಇಂಥ ಊರುಗಳಲ್ಲಿ ಸಾವಿನ ಮನೆಯ ಒಲೆ ಹೊತ್ತದಿರುವಾಗ ನೆರೆಯವರು ರೊಟ್ಟಿಯ ಬುತ್ತಿ ತರುತ್ತಾರೆ. ತಂದವರು ಹೆಚ್ಚು ಮಾತಾಡುವುದಿಲ್ಲ, ಉಣ್ಣುವವರೆಗೆ ಪಕ್ಕದಲ್ಲಿ ಕುಳಿತಿರುತ್ತಾರೆ. ಪಕ್ಕಕ್ಕೆ ಕರೆಯುವುದೆಂಬ ಗ್ರೀಕ್ ಪದಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕಿಲ್ಲ.

ಕನ್ನಡ ಕ್ರೈಸ್ತ ಲೇಖಕರು ಇನ್ನು ಮೇಲಾದರೂ ಈ ಬುತ್ತಿಯ ಬಳಿ ಕುಳಿತು ಬರೆಯಲಿ. ಸಂತೈಸು ಎಂಬ ಪದವನ್ನು ಅನುವಾದಕರು ಆಗಲೇ ಅವರ ಕೈಗಿತ್ತಿದ್ದಾರೆ. ಅದರ ಭಾರವನ್ನು ಹೊರುವುದಷ್ಟೇ ಉಳಿದಿದೆ.