ಚಿಟಿಕೆಯಷ್ಟು ಸೊಪ್ಪು, ಬೊಗಸೆಯಷ್ಟು ಹೊಗಳಿಕೆ

ಈರುಳ್ಳಿ ಸೊಪ್ಪಿಗೆ ನಮ್ಮ ನಗರಗಳಲ್ಲಿ ಎರಡೇ ವೇಷ. ಒಂದು, ಗೋಬಿ ಮಂಚೂರಿ, ಫ್ರೈಡ್ ರೈಸ್‌ಗಳ ಮೇಲೆ ಉದುರಿಸುವ ಅಲಂಕಾರ. ಇನ್ನೊಂದು, ಕಣ್ಣಿಗೂ ಹೃದಯಕ್ಕೂ ಸಕ್ಕರೆ ಕಾಯಿಲೆಗೂ ರಾಮಬಾಣ ಎಂದು ಆರೋಗ್ಯದ ಅಂಕಣಗಳು ಕೊಂಡಾಡುವ ‘ಸೂಪರ್ ಫುಡ್’. ಒಂದರಲ್ಲಿ ಉದಾಸೀನ, ಇನ್ನೊಂದರಲ್ಲಿ ಆರಾಧನೆ. ಆದರೆ ಎಷ್ಟು ತಿನ್ನುತ್ತೇವೆ ಎಂಬ ಪ್ರಶ್ನೆಯನ್ನು ಎರಡೂ ಕೇಳುವುದಿಲ್ಲ.

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಂತೆ 100 ಗ್ರಾಂ ಈರುಳ್ಳಿ ಸೊಪ್ಪಿನಲ್ಲಿ (ಬುಡದ ಎಳೆ ಗಡ್ಡೆಯೂ ಸೇರಿ) ಸುಮಾರು 19 ಮಿಲಿಗ್ರಾಂ ಸಿ ವಿಟಮಿನ್, 64 ಮೈಕ್ರೊಗ್ರಾಂ ಫೋಲೇಟ್, 200 ಮೈಕ್ರೊಗ್ರಾಂಗೂ ಹೆಚ್ಚು ಕೆ ವಿಟಮಿನ್ ಇವೆ. ಅಷ್ಟೇ ತೂಕದ ಬಲಿತ ಗಡ್ಡೆಯಲ್ಲಿ ಸಿ 7 ಮಿಲಿಗ್ರಾಂ, ಫೋಲೇಟ್ 19 ಮೈಕ್ರೊಗ್ರಾಂ. ಕೆ ಅಂತೂ ಲೆಕ್ಕಕ್ಕೇ ಸಿಗದು. ಸತ್ವವೆಲ್ಲ ಗಡ್ಡೆಯಲ್ಲಿದೆ ಎಂದು ಎಲೆ ಬಿಸಾಡುವವರಿಗೆ ಇಷ್ಟು ಉತ್ತರ ಸಾಕು. ಆದರೆ ಮಂಚೂರಿಯ ಮೇಲೆ ಬೀಳುವುದು ಒಂದು ಚಮಚ, ಅಂದರೆ ಸುಮಾರು 6 ಗ್ರಾಂ. ಅದರಿಂದ ಸಿಗುವ ಸಿ ವಿಟಮಿನ್ ಹೆಚ್ಚೂಕಡಿಮೆ 1 ಮಿಲಿಗ್ರಾಂ. ಕರಿದ ಎಣ್ಣೆಗೂ ಸಾಸಿನ ಉಪ್ಪಿಗೂ ಅದು ಪ್ರಾಯಶ್ಚಿತ್ತವಾಗದು.

ಉತ್ತರ ಕರ್ನಾಟಕದ ಅಡುಗೆ ಈ ಪ್ರಶ್ನೆಯನ್ನು ಎಂದೋ ಬಗೆಹರಿಸಿಕೊಂಡಿದೆ. ಅಲ್ಲಿ ಉಳ್ಳಾಗಡ್ಡಿ ತಪ್ಪಲ ಇಡೀ ಊಟಕ್ಕೆ ಸಾಲುವ ಪಲ್ಯೆ. ಕಟ್ಟುಗಟ್ಟಲೆ ಹೆಚ್ಚಿ ಒಗ್ಗರಣೆಗೆ ಹಾಕಿ ನೆನೆಸಿದ ಹೆಸರುಬೇಳೆ ಬೆರೆಸುತ್ತಾರೆ, ಇಲ್ಲವೇ ಕಡಲೆಹಿಟ್ಟು ಉದುರಿಸಿ ಝುಣಕ ಮಾಡುತ್ತಾರೆ. ಸೊಪ್ಪಿನಲ್ಲಿ ಕಡಿಮೆಯಿರುವ ಪ್ರೋಟೀನನ್ನು ಬೇಳೆ ತುಂಬಿಕೊಡುತ್ತದೆ. ಜೋಳದ ರೊಟ್ಟಿಯ ಜೊತೆಗೆ ಹಸಿಯಾಗಿಯೂ ತಿನ್ನುವುದುಂಟು.

ಬೇಯಿಸಿದರೆ ಸತ್ವ ಹೋಗುತ್ತದಲ್ಲ ಎಂಬ ಆಕ್ಷೇಪವಿದೆ. ಸಿ ವಿಟಮಿನ್ ಮತ್ತು ಫೋಲೇಟ್ ಮಟ್ಟಿಗೆ ಅದು ನಿಜ. ನೀರಲ್ಲಿ ಕುದಿಸಿ ಬಸಿದರಂತೂ ಇನ್ನಷ್ಟು ನಷ್ಟ. ಆದರೆ 100 ಗ್ರಾಂ ಸೊಪ್ಪಿನ ಸಿ ವಿಟಮಿನ್ ಅರ್ಧ ಹೋದರೂ ಉಳಿಯುವುದು ಆ ಒಂದು ಚಮಚ ಹಸಿ ಸೊಪ್ಪಿನ ಎಂಟು ಪಟ್ಟು. ಕೆ ವಿಟಮಿನ್ ಮತ್ತು ಕ್ಯಾರೊಟಿನ್ ಶಾಖಕ್ಕೆ ಸುಲಭವಾಗಿ ಹಾಳಾಗುವುದಿಲ್ಲ. ಅವು ಮೈಗೆ ಹತ್ತಲು ಎಣ್ಣೆಯಂಶ ಬೇಕೇ ಬೇಕು. ಆದ್ದರಿಂದ ಒಗ್ಗರಣೆಯ ಎಣ್ಣೆಗೆ ಹೆದರಬೇಕಿಲ್ಲ, ಮಿತಿಯಿದ್ದರೆ ಸಾಕು. ಸೊಪ್ಪನ್ನು ಕೊನೆಗೆ ಹಾಕಿ, ಬಾಡಿದೊಡನೆ ಇಳಿಸಿದರಾಯಿತು.

ಈರುಳ್ಳಿ ತಿಂದರೆ ಹೊಟ್ಟೆ ಉಬ್ಬರಿಸುವವರಿಗೂ ಇಲ್ಲೊಂದು ದಾರಿಯಿದೆ. ಉಬ್ಬರಕ್ಕೆ ಕಾರಣವಾಗುವ ಫ್ರಕ್ಟಾನ್ ಬಿಳಿ ಬುಡದಲ್ಲಿ ಹೆಚ್ಚು, ಹಸಿರು ಎಲೆಯಲ್ಲಿ ಕಡಿಮೆ. ಎಲೆಯನ್ನಷ್ಟೇ ಬಳಸಿದರೆ ರುಚಿಯೂ ಕೈತಪ್ಪದು.

ಹಾಗೆಂದು ಇದನ್ನು ಸೊಪ್ಪುಗಳ ರಾಜನೆನ್ನಲಾಗದು. ಕ್ಯಾಲ್ಸಿಯಂನಲ್ಲಿ ನುಗ್ಗೆಯೂ ದಂಟೂ ಇದಕ್ಕಿಂತ ಎಷ್ಟೋ ಮುಂದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರು ಕೆ ವಿಟಮಿನ್ ಇರುವ ಸೊಪ್ಪುಗಳ ಪ್ರಮಾಣವನ್ನು ಏಕಾಏಕಿ ಏರಿಳಿಸಬಾರದು. ವೈದ್ಯರನ್ನು ಕೇಳಿಯೇ ಬದಲಿಸಬೇಕು. ರಾಮಬಾಣವೆಂದು ಹೊಗಳುವವರು ಈ ಮಾತು ಹೇಳುವುದು ಅಪರೂಪ.

ಬಿಡಿ ಸೊಪ್ಪೊಂದನ್ನು ಔಷಧಿಯ ಪಟ್ಟಕ್ಕೇರಿಸಿದಾಗ ಅದನ್ನು ಚೂರು ತಿಂದು ಸಮಾಧಾನಪಡುವ ಚಾಳಿ ಹುಟ್ಟುತ್ತದೆ. ಈರುಳ್ಳಿ ಸೊಪ್ಪಿಗೆ ಬೇಕಾದದ್ದು ತರಕಾರಿಯ ಸ್ಥಾನ: ವಾರದಲ್ಲೊಂದೆರಡು ದಿನ ಇಡೀ ಕಟ್ಟು ಬಾಣಲೆಗೆ, ಉಳಿದ ದಿನ ಬೇರೆ ಸೊಪ್ಪುಗಳಿಗೆ ಸರದಿ.