ಹಳೆಯ ಮುಂಬಯಿ ಮತ್ತು ನಮ್ಮ ಸ್ಮರಣ ಸಾಹಿತ್ಯ

ಮುಂಬಯಿಯ ಕನ್ನಡಿಗರು ಬರೆದ ಗದ್ಯದಲ್ಲಿ ಸ್ಮರಣ ಲೇಖನವೆಂಬ ಪ್ರಕಾರಕ್ಕೆ ಒಂದು ನಿಶ್ಚಿತವಾದ ಸ್ಥಾನವಿದೆ. ಸಂಘಗಳ ಬೆಳ್ಳಿಹಬ್ಬದ ಸಂಚಿಕೆಗಳಲ್ಲಿ, ಹಿರಿಯರ ಅಭಿನಂದನ ಗ್ರಂಥಗಳಲ್ಲಿ, ನಿವೃತ್ತರಾದವರ ಆತ್ಮಕಥನಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದರ ಸಾಮಗ್ರಿ ಬಹುಮಟ್ಟಿಗೆ ಒಂದೇ: ಒಂದಾಣೆಯ ಟ್ರ್ಯಾಮು, ಇರಾಣಿಯ ಅಂಗಡಿಯ ಬ್ರೂನ್-ಮಸ್ಕಾ ಮತ್ತು ಚಹ, ಬೆಳಗಿನ ಜಾವದಲ್ಲಿ ಮೊಳಗುವ ಗಿರಣಿಯ ಭೋಂಗಾ, ಮಾಟುಂಗದ ನೆರಳುಬೀದಿಗಳು, ಚಾಳಿನ ತೆರೆದ ಬಾಗಿಲುಗಳು. ಇಂತಹ ಲೇಖನಗಳನ್ನು ಓದುವಾಗ ಮನಸ್ಸು ಆರ್ದ್ರವಾಗದಿರದು. ಆದರೆ ಮನಸ್ಸು ಆರ್ದ್ರವಾಯಿತೆಂಬುದು ವಿಮರ್ಶೆಯ ಕೊನೆಯ ಮಾತಾಗಲಾರದು. ಈ ಪ್ರಕಾರವು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ, ಹಾಗೆ ಬಿಟ್ಟದ್ದರಿಂದ ನಮಗಾಗುವ ನಷ್ಟವೇನು ಎಂಬುದನ್ನು ಇಲ್ಲಿ ಸ್ವಲ್ಪದರಲ್ಲಿ ವಿಚಾರಿಸಬೇಕೆಂದಿದ್ದೇನೆ.

ಮೊದಲು ಎದ್ದುಕಾಣುವ ಸಂಗತಿ ಒಂದುಂಟು. ಈ ಲೇಖನಗಳಲ್ಲಿ ಬರುವ ಸುವರ್ಣಯುಗವು ಒಂದೆಡೆ ನಿಲ್ಲುವುದಿಲ್ಲ. ಲೇಖಕನ ವಯಸ್ಸಿನೊಡನೆ ಅದೂ ಸರಿಯುತ್ತದೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಇಲ್ಲಿಗೆ ಬಂದವರಿಗೆ ಟ್ರ್ಯಾಮಿನ ಕಾಲವೇ ನಿಜವಾದ ಮುಂಬಯಿ. 1874ರಲ್ಲಿ ಕುದುರೆಗಳಿಂದ ಆರಂಭವಾಗಿ, 1907ರಿಂದ ವಿದ್ಯುತ್ತಿನಿಂದ ನಡೆದ ಆ ಟ್ರ್ಯಾಮು 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ತನ್ನ ಕೊನೆಯ ಯಾತ್ರೆಯನ್ನು ಮಾಡಿತು. ಅವರ ಲೇಖನಗಳಲ್ಲಿ ಮುಂಬಯಿಯ ಅವನತಿ ಅಂದಿನಿಂದಲೇ ತೊಡಗುತ್ತದೆ. ಎಪ್ಪತ್ತರ ದಶಕದಲ್ಲಿ ಬಂದವರಿಗಾದರೋ ಅವನತಿಯ ಆರಂಭವು 1982ರ ಗಿರಣಿ ಮುಷ್ಕರ. ಅವರಿಗಿಂತ ಕಿರಿಯರಿಗೆ ಹಳೆಯ ಬಗೆಯ ಮಹಡಿ ಬಸ್ಸೂ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಮರೆಯಾದ 2023ನೆಯ ಇಸವಿಯೇ ಯುಗಾಂತ್ಯ. ಹಿಂದಕ್ಕೆ ಹೋದರೂ ಇದೇ ಕಥೆ. ಗೋವಿಂದ ನಾರಾಯಣರು ಮರಾಠಿಯಲ್ಲಿ ಈ ನಗರದ ವಿಸ್ತಾರವಾದ ವರ್ಣನೆಯನ್ನು ಪ್ರಕಟಿಸಿದುದು 1863ರಲ್ಲಿ. ಅದೇ ವರ್ಷಗಳಲ್ಲಿ ಕೋಟೆಯ ಗೋಡೆಗಳನ್ನು ಕೆಡಹುವ ಕಾರ್ಯವೂ ನಡೆದಿತ್ತು. ಕೆಡಹುವುದೂ ಕಟ್ಟುವುದೂ ಇಲ್ಲಿ ಎಂದೂ ನಿಂತದ್ದಿಲ್ಲ. ಆದುದರಿಂದ ‘ಅಂದಿನ ಮುಂಬಯಿ’ ಎಂದು ಲೇಖಕನು ಬರೆದಾಗ, ಆ ಮಾತಿನಲ್ಲಿ ನಗರವೆಷ್ಟು, ಅವನ ಕಳೆದುಹೋದ ಯೌವನವೆಷ್ಟು ಎಂದು ಓದುಗನು ಬೇರ್ಪಡಿಸಿ ನೋಡಬೇಕಾಗುತ್ತದೆ. ಒಳ್ಳೆಯ ಲೇಖಕನು ಆ ಕೆಲಸವನ್ನು ಓದುಗನಿಗೆ ಬಿಡದೆ ತಾನೇ ಮಾಡುತ್ತಾನೆ.

ಎರಡನೆಯ ಸಂಗತಿ ಇದಕ್ಕಿಂತ ಗಂಭೀರವಾದುದು. ಈ ಬರಹಗಳು ಹಳೆಯ ನಗರದ ಸುಖಗಳನ್ನು ಎಣಿಸುತ್ತವೆ. ಆ ಸುಖಗಳಿಗೆ ಬೆಲೆ ತೆತ್ತವರು ಯಾರೆಂದು ಕೇಳುವುದಿಲ್ಲ. ಮಾಟುಂಗದ ಅಗಲವಾದ ಬೀದಿಗಳನ್ನೇ ತೆಗೆದುಕೊಳ್ಳೋಣ. ದಾಕ್ಷಿಣಾತ್ಯರಿಗೆ ಮುಂಬಯಿಯಲ್ಲೊಂದು ತವರುಮನೆಯಂತಿರುವ ಈ ಬಡಾವಣೆ ತಾನಾಗಿ ಚಿಗುರಿದುದಲ್ಲ. 1896ರಲ್ಲಿ ಪ್ಲೇಗಿನ ಮಾರಿ ನಗರಕ್ಕೆ ಹೊಕ್ಕು ಇಕ್ಕಟ್ಟಾದ ಕೇರಿಗಳಲ್ಲಿ ಜನರನ್ನು ಆಹುತಿ ತೆಗೆದುಕೊಂಡಿತು. ಅದರ ಫಲವಾಗಿ 1898ರಲ್ಲಿ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಸಂಸ್ಥೆ ಹಾಕಿದ ಯೋಜನೆಗಳಲ್ಲಿ ದಾದರ-ಮಾಟುಂಗದ್ದೂ ಒಂದು. ನಮ್ಮ ಹಿರಿಯರು ಸಂಜೆ ತಿರುಗಾಡುತ್ತಿದ್ದ ನೆರಳಿನ ಹಿಂದೆ ಇಂತಹ ಒಂದು ಮೃತ್ಯುಚರಿತ್ರೆಯಿದೆ. ಅದನ್ನರಿತರೆ ನೆರಳೇನೂ ಕಡಮೆಯಾಗದು. ನೆನಪಿಗೆ ಮಾತ್ರ ತೂಕ ಬರುತ್ತದೆ.

ಅಂದಿನ ಮನೆಬಾಡಿಗೆಯ ಮಾತೂ ಹಾಗೆಯೇ. ಇಷ್ಟು ರೂಪಾಯಿಗೆ ಇಂತಹ ಕೋಣೆ ಸಿಕ್ಕುತ್ತಿತ್ತೆಂದು ನಿಟ್ಟುಸಿರಿಡದ ಸ್ಮರಣ ಲೇಖನವಿಲ್ಲ. ಆದರೆ 1947ರ ಬಾಡಿಗೆ ನಿಯಂತ್ರಣ ಶಾಸನದಿಂದ ಬಾಡಿಗೆ ಏರದೆ ನಿಂತಿತು. ಒಳಗಿದ್ದವರಿಗೆ ಅದು ವರವಾಯಿತು. ಹೊರಗಿನಿಂದ ಬಂದವನು ‘ಪಗಡಿ’ಯೆಂಬ ದೊಡ್ಡ ಗಂಟನ್ನು ಕೈಯಿಂದ ಕೈಗೆ ಸಲ್ಲಿಸದೆ ಬಾಗಿಲು ತೆರೆಯುತ್ತಿರಲಿಲ್ಲ. ಇತ್ತ ಮಾಲಿಕನು ದುರಸ್ತಿಯನ್ನು ಕೈಬಿಟ್ಟದ್ದರಿಂದ ಎಷ್ಟೋ ಕಟ್ಟಡಗಳು ಜೀರ್ಣವಾದುವು. ಒಳಗಿದ್ದವನ ಲೇಖನಿಗೆ ಆ ಕಾಲವು ಸುಭಿಕ್ಷ; ಪಡಸಾಲೆಯಲ್ಲಿ ಹಾಸಿಗೆ ಬಿಚ್ಚಿದವನು ಲೇಖನ ಬರೆದಿದ್ದರೆ ಚಿತ್ರ ಬೇರೆಯಾಗುತ್ತಿತ್ತು.

ನಮ್ಮವರೇ ಕಟ್ಟಿ ಬೆಳೆಸಿದ ಉಡುಪಿ ಹೋಟೆಲಿನ ವಿಷಯದಲ್ಲಿ ಈ ಮೌನ ಇನ್ನೂ ಹೆಚ್ಚಾಗಿ ನೋಯಿಸುತ್ತದೆ. ಕೆಲವೇ ಆಣೆಗೆ ಹೊಟ್ಟೆ ತುಂಬ ಊಟ ಸಿಗುತ್ತಿತ್ತೆಂದು ಬರೆಯುವವರು, ಆ ಊಟ ಅಷ್ಟು ಅಗ್ಗವಾಗಲು ಕಾರಣವೇನೆಂದು ಕೇಳಬೇಕಷ್ಟೆ? ಊರಿನಿಂದ ಯಾರದೋ ಕೈಹಿಡಿದು ಬಂದ ಹನ್ನೆರಡು-ಹದಿಮೂರರ ಹುಡುಗ ಮೊದಲು ತಟ್ಟೆ-ಲೋಟ ತೊಳೆದು, ಮೇಜು ಒರೆಸಿ, ಬಳಿಕ ಮಾಣಿಯಾಗಿ, ಅದೃಷ್ಟವಿದ್ದರೆ ಒಂದು ದಿನ ಗಲ್ಲಾದ ಬಳಿ ಕುಳಿತನು. ಅವನ ಸಂಬಳ ಸ್ವಲ್ಪ. ಮಲಗಲು ಅದೇ ಹೋಟೆಲಿನ ನೆಲ. ಗಲ್ಲಾದವರೆಗೆ ಮುಟ್ಟಿದವರ ಚರಿತ್ರೆ ನಮ್ಮ ಅಭಿನಂದನ ಗ್ರಂಥಗಳಲ್ಲಿ ಸೇರಿದೆ. ತೊಟ್ಟಿಯ ಬಳಿಯಲ್ಲೇ ಉಳಿದವರ, ಕೆಮ್ಮುತ್ತ ಊರಿಗೆ ಮರಳಿದವರ ಚರಿತ್ರೆ ಎಲ್ಲಿದೆ?

ಗಿರಣಿಯ ಭೋಂಗಾ ಇದಕ್ಕೆ ಇನ್ನೊಂದು ನಿದರ್ಶನ. ನಮ್ಮ ಗದ್ಯದಲ್ಲಿ ಅದು ಸುಪ್ರಭಾತದಂತೆ ಕೇಳಿಸುತ್ತದೆ. ಆದರೆ ಅದು ಮೊಳಗಿದುದು ಕೇಳುವವರ ಸಂತೋಷಕ್ಕಾಗಿ ಅಲ್ಲ, ಪಾಳಿಯ ವೇಳೆಯಾಯಿತೆಂದು ಆಜ್ಞಾಪಿಸುವುದಕ್ಕಾಗಿ. ಹಾಸಿಗೆಯಲ್ಲಿ ಹೊರಳುತ್ತ ಅದನ್ನು ಕೇಳಿದ ಗುಮಾಸ್ತನಿಗೂ ಅದನ್ನು ಕೇಳಿ ಓಡಿದ ಕಾರ್ಮಿಕನಿಗೂ ನಡುವಿನ ಅಂತರವನ್ನು ಮರೆತ ಬರಹವು ಮಧುರವಾಗಿರಬಹುದು, ಸತ್ಯವಾಗದು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಭಾಗಿಗಳಾಗಿದ್ದರು. ಅವರಲ್ಲಿ ಬಹುಸಂಖ್ಯಾತರಿಗೆ ಆ ಕೆಲಸ ಮತ್ತೆ ದೊರೆಯಲಿಲ್ಲ. ಗಿರಣಿಗಳ ನೆಲದಲ್ಲಿ ಇಂದು ಕಚೇರಿಗಳೂ ಗೋಪುರದಂತಹ ಮನೆಗಳೂ ದೊಡ್ಡ ಮಳಿಗೆಗಳೂ ಎದ್ದಿವೆ. ಭೋಂಗಾದ ನೆನಪು ಹೊಗೆಕೊಳವೆಯ ಚಿತ್ರದೊಡನೆ ಗೋಡೆಯ ಅಲಂಕಾರವಾಗಿದೆ. ನಮ್ಮ ಸ್ಮರಣ ಲೇಖನವೂ ಅಂತಹದೇ ಅಲಂಕಾರವಾಗಬೇಕೆ ಎಂಬುದು ನನ್ನ ಪ್ರಶ್ನೆ.

ಇಷ್ಟು ಹೇಳಿದ ಮೇಲೆ, ಕನ್ನಡದಲ್ಲಿ ಮುಂಬಯಿಯನ್ನು ಸತ್ಯವಾಗಿ ಕಂಡವರೇ ಇಲ್ಲವೆಂದು ಯಾರೂ ತಿಳಿಯಬಾರದು. ಕಂಡಿದ್ದಾರೆ, ಆದರೆ ಬಹುಮಟ್ಟಿಗೆ ಕಥೆ-ಕಾದಂಬರಿಗಳಲ್ಲಿ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಈ ಹಂಬಲಕ್ಕೆ ಎಡೆಗೊಡದ ಕೃತಿ. ದೊಡ್ಡ ಉದ್ಯಮವೊಂದರಲ್ಲಿ ಅಧಿಕಾರಿಯಾದ ನಾಗಪ್ಪನಿಗೆ ನಗರವು ಬೇಟೆಯ ಕಾಡು. ಉತ್ತರ ಕನ್ನಡದ ಬಾಲ್ಯವೂ ಅವನಿಗೆ ಆಶ್ರಯವಲ್ಲ, ಮಾಯದ ಗಾಯ. ಊರೊಂದು ಸ್ವರ್ಗ, ನಗರವೊಂದು ನರಕ, ಅಥವಾ ಅಂದಿನ ನಗರ ಸ್ವರ್ಗ, ಇಂದಿನದು ನರಕ ಎಂಬ ಸುಲಭವಾದ ಲೆಕ್ಕಗಳನ್ನು ಆ ಕಾದಂಬರಿ ನಿರಾಕರಿಸುತ್ತದೆ. ವ್ಯಾಸರಾಯ ಬಲ್ಲಾಳರು ‘ಬಂಡಾಯ’ದಲ್ಲಿ ಈ ನಗರದ ದುಡಿಮೆಯ ಜಗತ್ತಿನ ಸಂಘರ್ಷವನ್ನು ಎದುರುಗೊಂಡರು, 1986ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಅದಕ್ಕೆ ಬಂದಿತು.

ಜಯಂತ ಕಾಯ್ಕಿಣಿಯವರ ‘ಒಪೇರಾ ಹೌಸ್’ ಕಥೆಯನ್ನು ನಮ್ಮ ವಿಷಯಕ್ಕೆ ವಿಶೇಷವಾಗಿ ನೋಡಬೇಕು. 1911ರಲ್ಲಿ ಐದನೆಯ ಜಾರ್ಜ್ ದೊರೆಯಿಂದ ಉದ್ಘಾಟಿತವಾದ ಆ ರಂಗಮಂದಿರ ಕಾಲಕ್ರಮದಲ್ಲಿ ಚಿತ್ರಮಂದಿರವಾಗಿ, 1993ರಲ್ಲಿ ಮುಚ್ಚಿ, ಜೀರ್ಣೋದ್ಧಾರವಾಗಿ 2016ರಲ್ಲಿ ಮತ್ತೆ ತೆರೆಯಿತು. ಅದನ್ನು ಕುರಿತು ಸಾಮಾನ್ಯ ಸ್ಮರಣ ಲೇಖಕನು ಬರೆದಿದ್ದರೆ ತೂಗುದೀಪಗಳನ್ನೂ ಮೊಗಸಾಲೆಯನ್ನೂ ತಾನು ಕಂಡ ಮೊದಲ ಚಿತ್ರವನ್ನೂ ವರ್ಣಿಸಿ ಮುಗಿಸುತ್ತಿದ್ದನು. ಕಾಯ್ಕಿಣಿಯವರು ಆಟ ಮುಗಿದು ಪ್ರೇಕ್ಷಕರೆಲ್ಲರೂ ಹೊರಟುಹೋದ ಮೇಲೆ ಕುರ್ಚಿಗಳ ಸಾಲಿನ ನಡುವೆ ಕಸ ಗುಡಿಸುವ ಇಂದ್ರನೀಲನನ್ನು ಹಿಡಿಯುತ್ತಾರೆ. ಜನರು ಮರೆತು ಹೋದ ವಸ್ತುಗಳು ಅವನ ಕೈಗೆ ಬರುತ್ತವೆ. ಒಂದು ದಿನ ಯಾರದೋ ಫ್ಲಾಸ್ಕು ಸಿಕ್ಕುತ್ತದೆ. ಮಂದಿರ ಮುಚ್ಚುವ ದುಃಖ ಆ ಕಥೆಯಲ್ಲಿಯೂ ಇದೆ. ಆದರೆ ಅದು ಅಲ್ಲಿ ದುಡಿದು ಉಂಡವನ ದುಃಖವಾಗಿರುವುದರಿಂದ ನಮ್ಮ ಹಂಬಲಕ್ಕಿಂತ ಆಳವಾಗಿದೆ. ಪ್ರೇಕ್ಷಕನು ಮರೆತುಹೋದುದನ್ನು ಗುಡಿಸುವವನು ನೆನಪಿನಲ್ಲಿಡುತ್ತಾನೆ. ನೆನಪಿನ ಸಾಹಿತ್ಯ ಯಾವ ಕಡೆಯಿಂದ ಹೊರಡಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾರ್ಗದರ್ಶನ ಬೇಕಿಲ್ಲ.

ಇದು ಕಥೆಗಾರರಿಗೆ ಮಾತ್ರ ಸಾಧ್ಯ, ಸ್ಮರಣೆಗೆ ಅಸಾಧ್ಯ ಎಂದು ವಾದಿಸುವವರಿಗೆ ನೆರೆಯ ಮರಾಠಿಯಲ್ಲಿಯೇ ಉತ್ತರವಿದೆ. ದಯಾ ಪವಾರರ ‘ಬಲುತ’ (1978) ಕಥೆಯಲ್ಲ, ಆತ್ಮಕಥನ. ನಾಗಪಾಡದ ಬಳಿಯ ಕಾವಾಖಾನೆಯೆಂಬ ವಸತಿಯಲ್ಲಿ ಕಳೆದ ಬಾಲ್ಯ ಅದರಲ್ಲಿದೆ. ನಮ್ಮ ಲೇಖಕರು ಚಾಳಿನ ತೆರೆದ ಬಾಗಿಲುಗಳನ್ನು ನೆನೆಯುವ ನಗರವೇ ಅದು. ಆದರೆ ಆ ಬಾಗಿಲುಗಳು ಯಾರಿಗೆ ತೆರೆದಿದ್ದುವು, ಯಾರಿಗೆ ತೆರೆದಿರಲಿಲ್ಲ ಎಂಬುದು ಪವಾರರನ್ನು ಓದಿದ ಮೇಲೆ ಮರೆಯಲಾಗದು. ತನ್ನ ಜನರನ್ನು ಕುರಿತಾಗಲಿ ತನ್ನನ್ನು ಕುರಿತಾಗಲಿ ಅವರು ಸಿಹಿಮಾತನ್ನು ಸೇರಿಸಲಿಲ್ಲ. ಆದರೂ ಆ ಗ್ರಂಥದಲ್ಲಿ ಮಮತೆಗೆ ಕೊರತೆಯಿಲ್ಲ. ಮಮತೆಗೂ ಸತ್ಯಕ್ಕೂ ವೈರವಿಲ್ಲವೆಂಬುದನ್ನು ನಮ್ಮ ಸ್ಮರಣ ಸಾಹಿತ್ಯ ಇನ್ನೂ ಕಲಿಯಬೇಕಾಗಿದೆ.

ಹಾಗಾದರೆ ಹಳೆಯ ಮುಂಬಯಿಯ ಹಂಬಲವೆಲ್ಲ ಭ್ರಾಂತಿಯೆ? ಹಾಗೆಂದರೆ ಅದೂ ಅನ್ಯಾಯವೇ. ನಗರದ ಜನಸಂಖ್ಯೆ 1951ರಲ್ಲಿ ಸುಮಾರು 30 ಲಕ್ಷವಿದ್ದುದು 2011ರಲ್ಲಿ 1 ಕೋಟಿ 24 ಲಕ್ಷವಾಯಿತು. ಸ್ಥಳವು ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ನಷ್ಟವು ನಿಜವಾದುದೇ. ಆದರೆ ನಷ್ಟವಾದುದು ಯಾವುದೆಂದು ನಾವು ಸರಿಯಾಗಿ ಗುರುತಿಸಿಲ್ಲ. ನನ್ನ ತಿಳಿವಳಿಕೆಯಲ್ಲಿ ಅದು ಟ್ರ್ಯಾಮೂ ಅಲ್ಲ, ಬ್ರೂನ್-ಮಸ್ಕವೂ ಅಲ್ಲ. ಕೈಯಲ್ಲಿ ಕಾಸಿಲ್ಲದ, ಇಲ್ಲಿನ ಭಾಷೆ ಬಾರದ ಹುಡುಗನೊಬ್ಬನಿಗೆ ಒಂದೇ ಬೀದಿಯಲ್ಲಿ ಕೆಲಸ, ಅನ್ನ, ಮಲಗಲು ನೆಲ ದೊರೆತು, ಕೂಗಳತೆಯಲ್ಲಿ ಒಂದು ಕನ್ನಡ ರಾತ್ರಿಶಾಲೆಯೂ ಇತ್ತು. ಹಗಲೆಲ್ಲ ಮೇಜು ಒರೆಸಿದ ಕೈ ರಾತ್ರಿ ಬಳಪ ಹಿಡಿಯಿತು. ಕೋಟೆಯ ಭಾಗದ ಆ ಶಾಲೆಗಳಿಂದ ಹೊರಬಂದು ಗುಮಾಸ್ತರೂ ವಕೀಲರೂ ಹೋಟೆಲಿನ ಒಡೆಯರೂ ಲೇಖಕರೂ ಆದವರಿದ್ದಾರೆ. ಆ ನಗರವು ಬಡಹುಡುಗನನ್ನು ದಯೆಯಿಂದ ನೋಡಿಕೊಂಡಿತೆಂದಲ್ಲ. ಬಾಗಿಲಿನ ಸಂದಿಯೊಂದನ್ನು ಮುಚ್ಚದೆ ಬಿಟ್ಟಿತ್ತು. ಇಂದು ಬರುವ ಹುಡುಗನಿಗೆ ಆ ಸಂದಿ ಎಲ್ಲಿದೆ ಎಂಬ ಪ್ರಶ್ನೆಗೆ ನಮ್ಮನ್ನು ಕರೆದೊಯ್ಯುವ ಹಂಬಲವಾದರೆ ಅದು ಸಾರ್ಥಕ. ಆ ಪ್ರಶ್ನೆಯ ಮೊದಲೇ ನಿಂತು ಕಣ್ಣೊರೆಸಿಕೊಳ್ಳುವ ಹಂಬಲದಿಂದ ಸಾಹಿತ್ಯಕ್ಕೂ ಪ್ರಯೋಜನವಿಲ್ಲ, ಸಮಾಜಕ್ಕೂ ಇಲ್ಲ.

ವಲಸೆಗಾರರಾದ ನಮಗೆ ಇಲ್ಲಿ ಇನ್ನೊಂದು ವಿಶೇಷವಾದ ದೋಷ ಅಂಟಿಕೊಂಡಿದೆ. ಅದನ್ನು ಒಪ್ಪಿಕೊಳ್ಳುವುದು ಲೇಸು. ಮುಂಬಯಿಯಲ್ಲಿದ್ದ ಕಾಲದಲ್ಲಿ ನಮ್ಮಲ್ಲಿ ಅನೇಕರು ಊರನ್ನು ಕುರಿತು ಬರೆದೆವು. ತೆಂಗಿನ ತೋಟ, ಯಕ್ಷಗಾನದ ಚಂಡೆ, ಹೊಳೆಯ ದೋಣಿ ನಮ್ಮ ವಸ್ತುಗಳಾದುವು. ಕಿಟಕಿಯ ಹೊರಗಿದ್ದ ನಗರವನ್ನು ನಾವು ನೋಡಲಿಲ್ಲ. ಅದು ಮಾಯವಾದ ಮೇಲೆ ಈಗ ಅದನ್ನೂ ಒಂದು ಊರನ್ನಾಗಿ ಮಾಡಿಕೊಂಡು ಹಂಬಲಿಸುತ್ತಿದ್ದೇವೆ. ಇದ್ದಾಗ ಕಾಣದವರು ಇಲ್ಲದಾಗ ಬರೆಯುವ ವರ್ಣನೆಯಲ್ಲಿ ವಿವರಕ್ಕಿಂತ ಭಾವವೇ ಹೆಚ್ಚಾಗುವುದು ಸಹಜ. ಸಂಬಳವೆಷ್ಟು, ಕೋಣೆಯಲ್ಲಿ ಮಲಗಿದವರೆಷ್ಟು, ನಲ್ಲಿಯ ನೀರಿಗೆ ಯಾರು ಎಷ್ಟು ಗಂಟೆಗೆ ಎದ್ದರು, ಮನೆಯ ಹೆಂಗಸರು ಹಗಲನ್ನು ಹೇಗೆ ಕಳೆದರು ಎಂಬ ಸಾಮಾನ್ಯ ಸಂಗತಿಗಳೇ ನಮ್ಮ ಪುಟಗಳಲ್ಲಿ ದೊರೆಯುವುದಿಲ್ಲ.

ಇದು ಕೇವಲ ರುಚಿಯ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ತಟ್ಟೆ ತೊಳೆದ ಹುಡುಗನನ್ನು ಕುರಿತು ಸರಕಾರದ ಕಡತದಲ್ಲಿ ದಾಖಲೆ ಇರದು. ಅವನ ಪತ್ರಗಳನ್ನು ಕಾಪಾಡಿದವರು ವಿರಳ. ನಾಳಿನ ಸಂಶೋಧಕನಿಗೆ ಉಳಿಯುವ ಆಧಾರವೆಂದರೆ ಹೆಚ್ಚಾಗಿ ಈ ಸ್ಮರಣ ಸಂಚಿಕೆಗಳೇ. ಅವುಗಳಲ್ಲಿ ಟ್ರ್ಯಾಮಿನ ಗಂಟೆ ಮಾತ್ರ ಕೇಳಿಬಂದರೆ, ಟ್ರ್ಯಾಮಿನ ದುಡ್ಡನ್ನು ಉಳಿಸಲು ನಡೆದೇ ಹೋದವನು ಚರಿತ್ರೆಯಿಂದ ಎರಡನೆಯ ಬಾರಿ ಹೊರಬೀಳುತ್ತಾನೆ. ಹಿರಿಯ ಪೀಳಿಗೆ ನಮ್ಮ ಕಣ್ಣೆದುರಿಗೇ ತೆರಳುತ್ತಿದೆ. ನಮ್ಮ ಸಂಘಸಂಸ್ಥೆಗಳು ಅವರಿಂದ ಲೇಖನವನ್ನು ಬೇಡುವಾಗ ಭಾವನೆಗಳನ್ನಷ್ಟೇ ಬೇಡದೆ ಸಂಗತಿಗಳನ್ನೂ ಕೇಳಬೇಕು; ವೇದಿಕೆಯ ಮೇಲೆ ಕರೆಯಿಸಿಕೊಳ್ಳದವರ ಮನೆಗೆ ನಾವೇ ಹೋಗಿ ಕೇಳಬೇಕು.

ದಾದರಿನಲ್ಲಿ ಇಂದಿಗೂ ಜನರು ‘ಟಿ.ಟಿ.’ ಎನ್ನುತ್ತಾರೆ. ಅದು ಟ್ರ್ಯಾಮ್ ಟರ್ಮಿನಸ್ ಎಂಬುದರ ಮೊದಲಕ್ಷರಗಳು. ಅಲ್ಲಿ ಟ್ರ್ಯಾಮು ನಿಂತು ಅರುವತ್ತು ವರ್ಷಗಳು ಮೀರಿದುವು. ಕೂಗುವವರಲ್ಲಿ ಅನೇಕರಿಗೆ ಅಕ್ಷರಗಳ ಅರ್ಥವೂ ತಿಳಿಯದು. ಹೆಸರು ತಾನಾಗಿ ಉಳಿಯಿತು. ಅಲ್ಲಿ ಇಳಿದು, ತಲೆಯ ಮೇಲೆ ತಗಡಿನ ಪೆಟ್ಟಿಗೆ ಹೊತ್ತು, ಕೈಯಲ್ಲಿ ವಿಳಾಸದ ಚೀಟಿ ಹಿಡಿದು ದಾರಿ ಕೇಳಿದ ನಮ್ಮವರು ಮಾತ್ರ ತಾವಾಗಿ ಉಳಿಯಲಾರರು. ಅವರನ್ನು ಬರೆದಿಡುವುದು ಬಲ್ಲವರ ಕರ್ತವ್ಯ.